‘ನನ್ನನ್ನು ಹೂತವರೇ ಈಗ ಅಗೆಯುತ್ತಿದ್ದಾರೆ!’

ಅಮೆರಿಕದ ಅಯೋವಾ ರಾಜ್ಯದ ಪ್ರೇರಿ ಸಿಟಿ ಹತ್ತಿರ ನೀಲ್ ಸ್ಮಿತ್ ರಾಷ್ಟ್ರೀಯ ವನ್ಯಧಾಮವಿದೆ. ಮುಸುಕಿನ ಜೋಳದ ಹೊಲಗಳನ್ನು ಮತ್ತೆ ಆಳೆತ್ತರದ ಹುಲ್ಲುಗಾವಲಾಗಿ, ಜೌಗಾಗಿ ಮಾಡುವ ಕೆಲಸ ಅಲ್ಲಿ ಮೂರು ದಶಕಗಳಿಂದ ನಡೆದಿದೆ. ಹೋದವರೆಲ್ಲ ಬೈಸನ್‌ಗಳ ಫೋಟೊ ತೆಗೆಯುತ್ತಾರೆ. ನಾವು ಮಾತಾಡಿಸಿದ್ದು ನೆಲದಿಂದ ಅಗೆದು ಬದಿಗೆ ಎಸೆದಿದ್ದ, ಬಾಯಿ ಒಡೆದ ಮಣ್ಣಿನ ಬಸಿಗೊಳವೆಯನ್ನು.

ನಮಸ್ಕಾರ. ನಿಮ್ಮ ಪರಿಚಯ?

ನಿವೃತ್ತ ಅಂತ ಬರೆಯಬೇಡಿ, ವಜಾಗೊಂಡ ನೌಕರ ಅಂತಲೇ ಬರೆಯಿರಿ. ಸುಟ್ಟ ಮಣ್ಣಿನ ಮೈ, ಸುಮಾರು ಒಂದಡಿ ಉದ್ದ. ಮೂರ್ನಾಲ್ಕು ಅಡಿ ಆಳದಲ್ಲಿ ನಮ್ಮನ್ನು ಮೂತಿಗೆ ಮೂತಿ ತಾಗಿಸಿ ಮಲಗಿಸಿದ್ದರು. ನಡುವೆ ಗಾರೆಯಿಲ್ಲ, ಅಂಟಿಲ್ಲ. ಆ ಸಂದಿನಲ್ಲೇ ಹೊಲದ ನೀರು ನುಸುಳಿ ಹಳ್ಳ ಸೇರುತ್ತಿತ್ತು. ರಾಜಕೀಯ ಬಿಟ್ಟರೆ, ಸೋರುವುದನ್ನೇ ಅರ್ಹತೆ ಅಂತ ಕೆಲಸಕ್ಕೆ ತಗೊಂಡಿದ್ದು ನಮ್ಮನ್ನು ಮಾತ್ರ.

ನೆಲ ಒಣಗಿಸಿದ ಆರೋಪ ನಿಮ್ಮ ಮೇಲಿದೆ.

ಹುಕುಂ ಯಾರದು ಸ್ವಾಮಿ? 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಉಕ್ಕಿನ ನೇಗಿಲು ಮಾಡಿದ. 1850ರಲ್ಲಿ ಕೇಂದ್ರ ಸರ್ಕಾರವೇ ಕಾಯ್ದೆ ತಂದು, ಒಣಗಿಸಿ ಸಾಗುವಳಿ ಮಾಡಿಕೊಳ್ಳಿ ಅಂತ ಜೌಗುನೆಲವನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ನೇಗಿಲು ಹುಲ್ಲು ಕಿತ್ತಿತು, ನಾವು ನೀರು ಬಸಿದೆವು. ಅಯೋವಾದಲ್ಲಿದ್ದ ಸುಮಾರು 3 ಕೋಟಿ ಎಕರೆ ಪ್ರೇರಿ ಹುಲ್ಲುಗಾವಲಿನಲ್ಲಿ ಇವತ್ತು ಸಾವಿರಕ್ಕೆ ಒಂದು ಪಾಲೂ ಇಲ್ಲ. ಉಳಿದ ಚೂರುಪಾರು ರೈಲು ಹಳಿ ಪಕ್ಕ, ಹಳೇ ಸ್ಮಶಾನದ ಮೂಲೆಗಳಲ್ಲಿ. ಸತ್ತವರು ಜಾಗ ಬಿಟ್ಟು ಏಳಲಿಲ್ಲ, ಹುಲ್ಲು ಬದುಕಿತು.

ಈ ವನ್ಯಧಾಮ ಹುಟ್ಟಿದ್ದು ಹೇಗೆ?

ವಿದ್ಯುತ್ ಕಂಪನಿಯೊಂದು ಅಣುಸ್ಥಾವರ ಕಟ್ಟುತ್ತೇವೆ ಅಂತ ಇಲ್ಲಿ ಜಮೀನು ಕೂಡಿಹಾಕಿತ್ತು. ಸ್ಥಾವರ ಬರಲಿಲ್ಲ. 1990ರಲ್ಲಿ ಸಂಸತ್ತು ವನ್ಯಧಾಮಕ್ಕೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಓಡಾಡಿದ ಸಂಸದರ ಹೆಸರನ್ನೇ ಆಮೇಲೆ ಇಟ್ಟರು. ಬೈಸನ್‌ಗಳು ಬಂದದ್ದು 1996ರಲ್ಲಿ. ಮೊದಲು ಮಂಜೂರಾತಿ, ಆಮೇಲೆ ಪ್ರಾಣಿ. ಕ್ರಮಬದ್ಧವಾಗಿದೆ.

ಹುಲ್ಲು ಬೆಳೆಸುವುದೇನು ಮಹಾ ಕೆಲಸ?

ಹಗುರವಾಗಿ ಮಾತಾಡಬೇಡಿ. ಬಿಗ್ ಬ್ಲೂಸ್ಟೆಮ್ ಅನ್ನೋ ಹುಲ್ಲು ಆಳನ್ನು ಮೀರಿ ನಿಲ್ಲುತ್ತದೆ, ಬೇರು ಅದಕ್ಕಿಂತ ಆಳ. ಮೊದಲ ವರ್ಷಗಳಲ್ಲಿ ಅದರ ದುಡಿಮೆಯೆಲ್ಲ ನೆಲದೊಳಗೇ. ಮೇಲೆ ಕಾಣುವುದು ಬರೀ ಕಳೆ. ಪ್ರಗತಿ ಪರಿಶೀಲನೆಗೆ ಬಂದ ಸಾಹೇಬರಿಗೆ ಏನು ತೋರಿಸುತ್ತೀರಿ? ಬೀಜವನ್ನು ರೈಲು ಹಳಿ, ಸ್ಮಶಾನದ ಪಕ್ಕದ ಆ ಹಳೇ ತುಣುಕುಗಳಿಂದ ಕೈಯಲ್ಲೇ ಉದುರಿಸಿ ತಂದರು. ಬಿತ್ತಿ ಬೆಳೆಸಿದ್ದಕ್ಕೆ ತಾವೇ ಬೆಂಕಿಯನ್ನೂ ಇಡುತ್ತಾರೆ! ಒಳನುಗ್ಗಿದ ಮರದ ಸಸಿಗಳು ಸುಡುತ್ತವೆ. ಹುಲ್ಲಿನ ಮೊಗ್ಗು ಮಣ್ಣೊಳಗಿರುವುದರಿಂದ ಮತ್ತೆ ಚಿಗುರುತ್ತದೆ.

ನಿಮ್ಮನ್ನು ಒಡೆದದ್ದು?

ಯಂತ್ರ ತಂದು, ಸಾಲಿನ ನಡುವೆ ಒಂದಷ್ಟು ಉದ್ದ ಅಗೆದು ಪುಡಿಮಾಡಿ, ಮಣ್ಣು ತುಂಬಿ ಗಟ್ಟಿಸಿದರು. ಅಷ್ಟೇ, ನೀರು ತನ್ನ ಹಳೇ ಜಾಗಕ್ಕೆ ಬಂದು ಕೂತಿತು. ಜೊಂಡು ಎದ್ದಿತು, ಕಪ್ಪೆ ಬಂತು. ಯಾರೂ ಅರ್ಜಿ ಹಾಕಿರಲಿಲ್ಲ.

ಹೊಲದ ಗೊಬ್ಬರದ ನೈಟ್ರೇಟ್ ನದಿಗೆ ಸಾಗಿಸಿದ್ದೂ ನಿಮ್ಮ ಬಳಗವೇ?

ಸಾಗಿಸಿದ್ದು ನಾವು, ಸುರಿದದ್ದು ಯಾರು? ಡಿ ಮಾಯ್ನ್ ನಗರದ ನೀರು ಸರಬರಾಜು ಸಂಸ್ಥೆ 2015ರಲ್ಲಿ ರಾಜ್ಯದ ವಾಯವ್ಯದ ಮೂರು ಕೌಂಟಿಗಳ ಬಸಿಗಾಲುವೆ ಆಡಳಿತದ ಮೇಲೆ ಮೊಕದ್ದಮೆ ಹೂಡಿತು. 2017ರಲ್ಲಿ ಅದು ವಜಾ. ನಮ್ಮವರು ಪಾರಾದರು. ಕುಡಿಯುವ ನೀರಿನಿಂದ ನೈಟ್ರೇಟ್ ತೆಗೆಯುವ ಖರ್ಚು ಊರಿನವರದು.

ಹೊಲದಿಂದ ಕೊಚ್ಚಿಹೋಗುವುದಕ್ಕೆಲ್ಲ ಪರಿಹಾರ ಇಲ್ಲವೇ?

ಇದೇ ವನ್ಯಧಾಮದಲ್ಲಿ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿದರು. ಹೊಲದ ಹತ್ತರಲ್ಲೊಂದು ಪಾಲು ಪ್ರೇರಿಗೆ ಬಿಟ್ಟಾಗ ಕೊಚ್ಚಿಹೋಗುವ ಮಣ್ಣು ಶೇ 95ರಷ್ಟು ಕಡಿಮೆಯಾಯಿತು. ಇಷ್ಟು ಸುಲಭದ ಪರಿಹಾರಕ್ಕೆ ಟೆಂಡರ್ ಕರೆಯೋದು ಹೇಗೆ ಅನ್ನೋದೇ ತೊಡಕಿರಬೇಕು.

ಅಂತೂ ನಿಮ್ಮ ಕಾಲ ಮುಗಿಯಿತು!

ಬೇಲಿಯಾಚೆ ನೋಡಿ ಮಾತಾಡಿ. ನನ್ನ ಮೊಮ್ಮಕ್ಕಳು, ಪ್ಲಾಸ್ಟಿಕ್ ಕೊಳವೆಗಳು, ಸುರುಳಿ ಸುರುಳಿಯಾಗಿ ನೆಲಕ್ಕಿಳಿಯುತ್ತಿದ್ದಾರೆ. ಇಲ್ಲಿಯ ಕೆಲವು ಸಾವಿರ ಎಕರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅವರನ್ನೂ ಅಗೆಯುವ ಕಾಲ ಬಂದರೆ ನನ್ನನ್ನು ಸಲಹೆಗಾರ ಅಂತ ನೇಮಿಸಿಕೊಳ್ಳಿ. ಹಳೇ ಕೊಳವೆ ಸಾಲುಗಳ ನಕ್ಷೆ ಕಚೇರಿಗಳಲ್ಲಿ ಸಿಗುತ್ತೆ ಅಂತ ನಂಬಿ ಕೂರಬೇಡಿ. ಸಂಬಳ ಮಾತ್ರ ಮುಂಗಡ.