ಲೌಂಜಾನಂದ ತಾರತಮ್ಯ ನಿರ್ಣಯ

ಶಾಸ್ತ್ರಗ್ರಂಥ ಎಂದ ಮೇಲೆ ಆರಂಭದಲ್ಲೇ ನಾಲ್ಕು ಸಂಗತಿ ಹೇಳಿಬಿಡಬೇಕು: ವಿಷಯವೇನು, ಪ್ರಯೋಜನವೇನು, ಅಧಿಕಾರಿ ಯಾರು, ಇವಕ್ಕೆಲ್ಲ ಸಂಬಂಧವೇನು. ಪ್ರಸ್ತುತ ಗ್ರಂಥದ ವಿಷಯ ಬಿಸಿನೆಸ್ ಕ್ಲಾಸ್ ಲೌಂಜ್. ಕ್ಷೇತ್ರ ಜರ್ಮನಿಯ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣ. ಕಾಲ, ಬೆಂಗಳೂರಿಗೆ ಹೊರಡುವ ಲುಫ್ತಾನ್ಸಾ ವಿಮಾನಕ್ಕೆ ಇನ್ನೂ ಬೇಕಾದಷ್ಟು ಹೊತ್ತು ಇರುವ ಒಂದು ಬೆಳಗ್ಗೆ. ಅಧಿಕಾರಿ, ಬೋರ್ಡಿಂಗ್ ಪಾಸ್ ಉಳ್ಳವನು. ಪ್ರಯೋಜನ, ಪುಕ್ಕಟೆ ತಿಂಡಿ. ಸಂಬಂಧ ಉಂಟೋ ಇಲ್ಲವೋ ಎಂಬುದನ್ನು ಬಾಗಿಲ ಬಳಿಯ ಯಂತ್ರ ಒಂದೇ ಬೀಪಿನಲ್ಲಿ ನಿರ್ಣಯಿಸುತ್ತದೆ. ಇಷ್ಟು ಚುಟುಕಾದ ಪ್ರಮಾಣ ನೈಯಾಯಿಕರಿಗೆ ಸಿಕ್ಕಿದ್ದರೆ ಅವರ ಎಷ್ಟೋ ತಾಳೆಗರಿ ಉಳಿಯುತ್ತಿತ್ತು.

ಲೌಂಜಿನ ಉತ್ಪತ್ತಿಯನ್ನು ಬಲ್ಲವರು 1939ಕ್ಕೆ ಒಯ್ಯುತ್ತಾರೆ. ಆ ವರ್ಷ ಅಮೆರಿಕನ್ ಏರ್‌ಲೈನ್ಸ್ ಕಂಪನಿ ನ್ಯೂಯಾರ್ಕಿನ ಲಾಗ್ವಾರ್ಡಿಯಾ ನಿಲ್ದಾಣದಲ್ಲಿ ‘ಅಡ್ಮಿರಲ್ಸ್ ಕ್ಲಬ್’ ತೆರೆಯಿತು. ಕಂಪನಿಯ ಅಧ್ಯಕ್ಷ ಸಿ.ಆರ್. ಸ್ಮಿತ್ ತನ್ನ ವಿಮಾನಗಳನ್ನು ‘ಫ್ಲ್ಯಾಗ್‌ಶಿಪ್’ ಎಂದು ಕರೆಯುತ್ತಿದ್ದ. ಹಡಗು ಎಂದ ಮೇಲೆ ನೌಕಾಧಿಪತಿಗಳು ಬೇಡವೇ? ಮುಖ್ಯ ಗಿರಾಕಿಗಳಿಗೆ ಅಡ್ಮಿರಲ್ ಎಂಬ ಬಿರುದುಪತ್ರ ಕೊಟ್ಟ, ಬಿರುದಾಂಕಿತರು ಕೂರಲು ಕೋಣೆಯನ್ನೂ ಕೊಟ್ಟ. ದುಡ್ಡಿದ್ದರೆ ಸಾಲದು, ಕರೆ ಬಂದವರಿಗೆ ಮಾತ್ರ ಒಳಗೆ ಜಾಗ. ಬಿರುದು ಕೊಟ್ಟು ಜನರನ್ನು ಕಟ್ಟಿಹಾಕುವ ವಿದ್ಯೆ ನಮ್ಮ ಮೈಸೂರು ದರ್ಬಾರಿಗೂ ಗೊತ್ತಿತ್ತು; ಸ್ಮಿತ್ ಅದಕ್ಕೆ ಸೋಫಾ ಸೇರಿಸಿದ, ಅಷ್ಟೆ.

ಬಿಸಿನೆಸ್ ಕ್ಲಾಸಿನ ಜನ್ಮವೃತ್ತಾಂತ ಇನ್ನೂ ರಸವತ್ತಾದದ್ದು. 1970ರ ದಶಕದಲ್ಲಿ ವಿಮಾನದ ಟಿಕೆಟ್ಟಿಗೆ ರಿಯಾಯಿತಿ ದರಗಳು ಬಂದವು. ಪೂರ್ತಿ ದುಡ್ಡು ತೆತ್ತವನೂ ಅರ್ಧ ದುಡ್ಡಿಗೆ ಹತ್ತಿದವನೂ ಒಂದೇ ಸಾಲಿನಲ್ಲಿ ಮೊಣಕೈ ತಾಗಿಸಿ ಕೂರಬೇಕಾಯಿತು. ಪೂರ್ತಿ ತೆತ್ತವನಿಗೆ ಸೀಟು ಚಿಕ್ಕದಾಗಿರಲಿಲ್ಲ, ಊಟ ಕಡಿಮೆಯಾಗಿರಲಿಲ್ಲ, ವಿಮಾನ ತಡವಾಗಿರಲಿಲ್ಲ. ಆದರೂ ಅವನ ಹೊಟ್ಟೆ ಉರಿಯಿತು. ಡಚ್ಚರ ಕೆಎಲ್‌ಎಂ 1976ರಲ್ಲಿ ಇಂಥವರನ್ನು ಮೊದಲ ದರ್ಜೆಯ ಬೆನ್ನಿಗೇ, ಎಕಾನಮಿಯ ಮುಂಭಾಗದಲ್ಲಿ ಬೇರೆ ಕೂರಿಸಿತು. ಹಿಂದೆಯೇ ಉಳಿದ ಕಂಪನಿಗಳೂ ಹೊಸ ದರ್ಜೆ ತೆರೆದವು. ಲೋಕದ ಎಷ್ಟೋ ಸಂಸ್ಥೆಗಳು ಹೊಟ್ಟೆಕಿಚ್ಚಿನಿಂದಲೇ ಹುಟ್ಟಿವೆ. ಅದಕ್ಕೆ ಪರದೆ ಕಟ್ಟಿ ದರಪಟ್ಟಿ ಅಂಟಿಸಿದ್ದು ಮಾತ್ರ ವಿಮಾನಯಾನದ ಸ್ವಂತ ಕೊಡುಗೆ.

ಇನ್ನು ಪೂರ್ವಪಕ್ಷ. “ಲೌಂಜ್ ಇರುವುದು ವಿಶ್ರಾಂತಿಗೆ, ಅಲ್ಲಿನ ಆನಂದ ಕುರ್ಚಿಯಲ್ಲಿದೆ, ಕಾಫಿಯಲ್ಲಿದೆ, ವೈಫೈಯಲ್ಲಿದೆ” ಎನ್ನುತ್ತಾರೆ ಲೋಕಾಯತರು. ಇದು ನಿಲ್ಲುವುದಿಲ್ಲ. ಕುರ್ಚಿ ಗೇಟಿನ ಬಳಿಯೂ ಇದೆ. ಕಾಫಿ ಹೊರಗಿನ ಅಂಗಡಿಯಲ್ಲೂ ಸಿಗುತ್ತದೆ, ಹಲವು ಸಲ ಒಳಗಿನದಕ್ಕಿಂತ ಚೆನ್ನಾಗಿರುತ್ತದೆ. ವೈಫೈ ಇಡೀ ನಿಲ್ದಾಣಕ್ಕೆ ಉಂಟು. ಒಳಗೆ ಬುಟ್ಟಿಯಲ್ಲಿಟ್ಟ ಅದೇ ಪ್ರೆಟ್ಜೆಲನ್ನು ಗೇಟಿನ ಬಳಿ ಪುಕ್ಕಟೆ ಹಂಚಿ ನೋಡಿ. “ಏನೋ ಕೆಟ್ಟಿರಬೇಕು” ಎಂದು ಜನ ದೂರ ಸರಿಯುತ್ತಾರೆ. ಆದ್ದರಿಂದ ಆನಂದ ವಸ್ತುನಿಷ್ಠವಲ್ಲ. ಹೊರಗಿರುವವನು ಹೊರಗಿದ್ದಾನೆ ಎಂಬ ಅರಿವೇ ಆನಂದ.

ಆನಂದವನ್ನು ಅಳೆಯುವ ಕೆಲಸವನ್ನು ನಮ್ಮವರು ವಿಮಾನ ಬರುವ ಮೊದಲೇ ಮುಗಿಸಿದ್ದಾರೆ. ತೈತ್ತಿರೀಯ ಉಪನಿಷತ್ತಿನಲ್ಲಿ ಒಬ್ಬ ಪುಷ್ಟನಾದ, ಸಂಪನ್ನನಾದ ತರುಣನ ಸುಖವನ್ನು ಒಂದು ಮೂಲಮಾನ ಮಾಡಿಕೊಂಡು, ಅದರ ನೂರರಷ್ಟು ಮನುಷ್ಯಗಂಧರ್ವರಿಗೆ, ಅದರ ನೂರರಷ್ಟು ದೇವಗಂಧರ್ವರಿಗೆ ಎಂದು ಬ್ರಹ್ಮಾನಂದದವರೆಗೆ ಲೆಕ್ಕ ಹಾಕಿದೆ. ಉಡುಪಿಯ ಮಧ್ವಾಚಾರ್ಯರು ಇದಕ್ಕೆ ಮೋಕ್ಷದಲ್ಲೂ ಬಿಡುವಿಲ್ಲ ಎಂದರು: ಮುಕ್ತರಾದ ಮೇಲೂ ಜೀವರ ಆನಂದದಲ್ಲಿ ಮೇಲುಕೀಳು ಇದ್ದೇ ಇರುತ್ತದೆ. ಅದ್ವೈತಿಗಳು ಈ ಮಾತಿಗೆ ನಗುತ್ತಿದ್ದರು. ಅವರು ಫ್ರಾಂಕ್‌ಫರ್ಟ್ ನೋಡಿರಲಿಲ್ಲ.

ಫ್ರಾಂಕ್‌ಫರ್ಟಿನಲ್ಲಿ ಲುಫ್ತಾನ್ಸಾದ ಸೋಪಾನ ನಾಲ್ಕು ಮೆಟ್ಟಿಲಿನದು. ಬಿಸಿನೆಸ್ ಲೌಂಜ್, ಸೆನೆಟರ್ ಲೌಂಜ್, ಫಸ್ಟ್ ಕ್ಲಾಸ್ ಲೌಂಜ್, ಎಲ್ಲಕ್ಕೂ ಮೇಲೆ 2004ರಲ್ಲಿ ಕಟ್ಟಿದ ಫಸ್ಟ್ ಕ್ಲಾಸ್ ಟರ್ಮಿನಲ್. ಇವೇ ಕ್ರಮವಾಗಿ ಸಾಲೋಕ್ಯ, ಸಾಮೀಪ್ಯ, ಸಾರೂಪ್ಯ, ಸಾಯುಜ್ಯ. ಸಾಲೋಕ್ಯ ಪಡೆದವನು ಅದೇ ಲೋಕದಲ್ಲಿದ್ದಾನೆ, ಸೂಪು ತಾನೇ ಬಡಿಸಿಕೊಳ್ಳುತ್ತಾನೆ. ಸಾಮೀಪ್ಯದವನು ಪಕ್ಕದ ಬಾಗಿಲಲ್ಲಿ. ಸಾರೂಪ್ಯದವನಿಗೆ ಬಡಿಸಲು ಜನ. ಸಾಯುಜ್ಯದವನ ಕಥೆಯೇ ಬೇರೆ: ಅವನಿಗೆ ಪ್ರತ್ಯೇಕ ಕಟ್ಟಡ, ಪ್ರತ್ಯೇಕ ತಪಾಸಣೆ, ಹೊರಡುವ ಹೊತ್ತಿಗೆ ಪೋರ್ಷೆಯೋ ಮರ್ಸಿಡಿಸೋ ನೇರ ವಿಮಾನದ ಬುಡಕ್ಕೆ ಒಯ್ಯುತ್ತದೆ. ಅಲ್ಲಿನ ಬಚ್ಚಲಿನಲ್ಲಿ ತೊಟ್ಟಿ ಇದೆ, ತೊಟ್ಟಿಯ ಬಳಿ ರಬ್ಬರಿನ ಬಾತುಕೋಳಿ ಇದೆ. ಕೋಟ್ಯಧೀಶ್ವರರು ಈ ಬಾತುಕೋಳಿಗಳನ್ನು ಮನೆಗೊಯ್ದು ಸಾಲಾಗಿ ಜೋಡಿಸುತ್ತಾರೆ. ಸಾಯುಜ್ಯದಲ್ಲೂ ವಾಸನಾಕ್ಷಯ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಡ.

ಇಲ್ಲೊಂದು ಕಗ್ಗಂಟು ಬರುತ್ತದೆ, ಅದನ್ನು ಬಿಡಿಸದೆ ಮುಂದೆ ಹೋಗುವಂತಿಲ್ಲ. ಲಕ್ಷಗಟ್ಟಲೆ ತೆತ್ತು ಇವತ್ತು ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆದವನಿಗೆ ಬಿಸಿನೆಸ್ ಲೌಂಜ್. ಎಕಾನಮಿಯ ಮಧ್ಯದ ಸೀಟಿನಲ್ಲಿ ಕುಗ್ಗಿ ಕೂರಬೇಕಾದ, ಆದರೆ ಜೇಬಿನಲ್ಲಿ ಸ್ಟಾರ್ ಅಲೈಯನ್ಸ್ ಗೋಲ್ಡ್ ಕಾರ್ಡ್ ಇರುವ ಸಾಫ್ಟ್‌ವೇರ್ ಮ್ಯಾನೇಜರನಿಗೆ ಒಂದು ಮೆಟ್ಟಿಲು ಮೇಲಿನ ಸೆನೆಟರ್ ಲೌಂಜ್! ಇದು ಅನ್ಯಾಯವಲ್ಲವೇ? ಅಲ್ಲ. ಟಿಕೆಟ್ ಪ್ರಾರಬ್ಧ, ಕಾರ್ಡ್ ಸಂಚಿತ. ಪ್ರಾರಬ್ಧ ಇವತ್ತಿನ ಸೀಟನ್ನು ಕೊಡುತ್ತದೆ; ಸಂಚಿತ ಹಿಂದಿನ ವರ್ಷದ ಪ್ರಯಾಣಗಳ, ನಿದ್ದೆಗೆಟ್ಟ ರಾತ್ರಿಗಳ, ತಪ್ಪಿಹೋದ ಮಗಳ ಹುಟ್ಟುಹಬ್ಬಗಳ ಮೊತ್ತ. ಅದೂ ‘ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ’ ಎಂಬ ಸೂತ್ರದಂತೆ ಕಂಪನಿಯ ಖರ್ಚಿನಲ್ಲಿ ಕೂಡಿದ್ದು. ಯಜ್ಞದ ಖರ್ಚು ಯಜಮಾನನದು, ಫಲ ಪುರೋಹಿತನಿಗೆ ಹೋಗುವ ಏಕೈಕ ಯಜ್ಞ ಇದು, ಮೀಮಾಂಸಕರು ಗಮನಿಸಬೇಕು. ಪುಣ್ಯಕ್ಕೆ ಇಲ್ಲಿ ಮೈಲಿ ಎಂದು ಹೆಸರು. ಲುಫ್ತಾನ್ಸಾ 1993ರಲ್ಲಿ ಶುರು ಮಾಡಿದ ‘ಮೈಲ್ಸ್ ಅಂಡ್ ಮೋರ್’ ಖಾತೆಯಲ್ಲಿ ಸಾಮಾನ್ಯ ಸದಸ್ಯನ ಮೈಲಿಗೆ 36 ತಿಂಗಳ ಆಯುಸ್ಸು. ಪುಣ್ಯ ಕರಗುತ್ತದೆ ಎಂದು ನಮ್ಮ ಪುರಾಣಗಳೂ ಹೇಳಿದ್ದವು. ತಾರೀಕು ಹಾಕಿ ಇಮೇಲ್ ಕಳಿಸುವ ಸೌಜನ್ಯ ಮಾತ್ರ ತೋರಿಸಿರಲಿಲ್ಲ.

ದೇಹ ಬಿಡದೆ ಮುಕ್ತನಾಗಬಹುದೇ, ಅಂದರೆ ವಿಮಾನ ಹತ್ತದೆ ಲೌಂಜ್ ಅನುಭವಿಸಬಹುದೇ ಎಂಬುದು ಮುಂದಿನ ಪ್ರಶ್ನೆ. ಇದನ್ನು ಒಬ್ಬ ಜರ್ಮನ್ ಸಾಧಕ ಪ್ರಯೋಗ ಮಾಡಿಯೇ ನೋಡಿದ. ಮ್ಯೂನಿಕ್‌ನಿಂದ ಜ್ಯೂರಿಕ್‌ಗೆ ದಿನಾಂಕ ಬದಲಿಸಬಹುದಾದ ಒಂದು ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಂಡ. ನಿಲ್ದಾಣಕ್ಕೆ ಬಂದ, ಲೌಂಜಿಗೆ ಹೋದ, ಉಂಡ, ಕುಡಿದ, ಪ್ರಯಾಣವನ್ನು ಮುಂದೂಡಿದ, ಮನೆಗೆ ಹೋದ. ಹೀಗೆ 36 ಬಾರಿ. ಜ್ಯೂರಿಕ್ ಅವನ ಪಾಲಿಗೆ ಒಂದು ಪರಿಕಲ್ಪನೆಯಾಗಿ ಉಳಿಯಿತು. ಕೊನೆಗೆ ಲುಫ್ತಾನ್ಸಾ ಟಿಕೆಟ್ ರದ್ದುಮಾಡಿ, ಭೇಟಿಯೊಂದಕ್ಕೆ 55 ಯೂರೋದಂತೆ 1,980 ಯೂರೋ ಕೇಳಿ ಮೊಕದ್ದಮೆ ಹೂಡಿತು. 2014ರಲ್ಲಿ ಮ್ಯೂನಿಕ್ ನ್ಯಾಯಾಲಯ ಕಂಪನಿಯ ಪರ ತೀರ್ಪಿತ್ತಿತು: ಲೌಂಜ್ ಇರುವುದು ಹಾರುವವರಿಗೆ. ಜೀವನ್ಮುಕ್ತಿ ಸಲ್ಲದು ಎಂದು ಮೇಲುಕೋಟೆಯಲ್ಲಿದ್ದ ರಾಮಾನುಜರು ಶತಮಾನಗಳ ಹಿಂದೆಯೇ ಹೇಳಿದ್ದನ್ನು ಜರ್ಮನ್ ನ್ಯಾಯಾಧೀಶರು ಸ್ವತಂತ್ರವಾಗಿ ಕಂಡುಕೊಂಡರು. ಆ ಸಾಧಕನ ಬಗ್ಗೆ ನಮಗೆ ಗೌರವವೇ ಇದೆ. ಆಲೂಗಡ್ಡೆ ಸಲಾಡಿಗಾಗಿ ಅಷ್ಟು ಸಲ ಭದ್ರತಾ ತಪಾಸಣೆಯಲ್ಲಿ ಬೆಲ್ಟು ಬಿಚ್ಚುವುದು ಸಾಮಾನ್ಯ ತಪಸ್ಸಲ್ಲ.

ಕರ್ಮಕಾಂಡವನ್ನು ಚುಟುಕಾಗಿ ಮುಗಿಸೋಣ. ಕನ್ನಡಿಗ ಸಸ್ಯಾಹಾರಿಗೆ ಲೌಂಜಿನಲ್ಲಿ ವಿಹಿತವಾದ ಕರ್ಮ ಒಂದೇ. ಬಿಸಿ ತಿನಿಸಿನ ಕೌಂಟರಿನಿಂದ ಅನ್ನ, ತಣ್ಣಗಿನ ಕೌಂಟರಿನಿಂದ ಸಿಹಿಯಿಲ್ಲದ ಮೊಸರು, ಮೂಲೆಯ ಮೇಜಿನಿಂದ ಉಪ್ಪಿನ ಪೊಟ್ಟಣ: ಮೂರನ್ನೂ ಸೂಪಿನ ಬಟ್ಟಲಿನಲ್ಲಿ ಕಲಸತಕ್ಕದ್ದು. ಸ್ಟ್ರಾಬೆರಿ ಮೊಸರಿನಿಂದ ಮಾಡಿದ ಕರ್ಮ ನಿಷ್ಫಲ. ಬೆರಳಿನಲ್ಲೋ ಚಮಚದಲ್ಲೋ ಎಂಬಲ್ಲಿ ಮತಭೇದವಿದೆ. ಪಕ್ಕದಲ್ಲಿ ಸಹೋದ್ಯೋಗಿ ಇದ್ದರೆ ಚಮಚ, ಇಲ್ಲದಿದ್ದರೆ ಆತ್ಮಸಾಕ್ಷಿ. ಟಿಶ್ಯೂ ಪೇಪರಿನಲ್ಲಿ ಚಾಕೊಲೇಟ್ ಸುತ್ತಿ ಚೀಲಕ್ಕೆ ಇಳಿಸುವುದು ಕಳ್ಳತನವೇ ಎಂಬ ಸಂಶಯಕ್ಕೆ ಸಮಾಧಾನ: ಊರಿಗೆ ಹೋಗುವವರು ಬರಿಗೈಯಲ್ಲಿ ಹೋಗಬಾರದು.

ಈಗ ಸಿದ್ಧಾಂತ ಹೇಳಬೇಕು. ಮಧ್ವಮತದ ಮೋಕ್ಷದಲ್ಲಿ ತಾರತಮ್ಯ ಉಂಟು, ಮತ್ಸರ ಇಲ್ಲ. ಚೊಂಬು ಚೊಂಬಿನಷ್ಟು ತುಂಬಿದೆ, ಲೋಟ ಲೋಟದಷ್ಟು. ಎರಡೂ ಪೂರ್ಣ, ಎರಡೂ ತೃಪ್ತ. ಲೌಂಜಿನಲ್ಲಿ ಹಾಗಲ್ಲ. ಬಿಸಿನೆಸ್ ಲೌಂಜಿನವನು ಗೇಟಿನವನನ್ನು ನೆನೆದು ಸುಖಿಸುತ್ತ ಸೆನೆಟರ್ ಬಾಗಿಲನ್ನು ಕದ್ದು ನೋಡುತ್ತಾನೆ. ಸೆನೆಟರ್ ಲೌಂಜಿನವನು ಅಲ್ಲಿ ಕುರ್ಚಿ ಸಾಲದಷ್ಟು ಜನ ಸೇರಿದ್ದಾರೆ ಎಂದು ಗೊಣಗುತ್ತಾನೆ. ಆದ್ದರಿಂದ ಲೌಂಜ್ ಮೋಕ್ಷವಲ್ಲ, ಸ್ವರ್ಗ. ಇಂದ್ರ ಅಲ್ಲಿದ್ದೂ ಕೆಳಗೆ ಯಾರು ತಪಸ್ಸಿಗೆ ಕೂತರು ಎಂದು ನಿದ್ದೆಗೆಡುತ್ತಾನಲ್ಲ, ಅದು. ಇತ್ತೀಚೆಗೆ ಬೆಂಗಳೂರಿನಲ್ಲಿ ಈ ಭಯ ನಿಜವೇ ಆಗಿದೆ. ಬ್ಯಾಂಕಿನ ಕಾರ್ಡ್ ಉಜ್ಜಿ ಎರಡು ರೂಪಾಯಿಗೆ ಒಳಗೆ ಬರುವ ದೈತ್ಯಸಂಕುಲದಿಂದ ಲೌಂಜಿನ ಹೊರಗೆ ಸಾಲು ನಿಂತಿರುತ್ತದೆ. ಸಾಲು ತಪ್ಪಿಸಲೆಂದು ಹುಟ್ಟಿದ ಲೋಕಕ್ಕೇ ಸಾಲು!

ಸ್ವರ್ಗ ಎಂಬುದಕ್ಕೆ ಎರಡನೆಯ ಹೇತು, ಪುಣ್ಯ ತೀರಿದ ಮೇಲಿನ ಗತಿ. ಮಧ್ಯರಾತ್ರಿ ದಾಟಿದ ಮೇಲೆ ವಿಮಾನ ಕೆಂಪೇಗೌಡ ನಿಲ್ದಾಣಕ್ಕೆ ಇಳಿಯುತ್ತದೆ. ಹಾಸಿಗೆಯಾಗುವ ಸೀಟಿನಲ್ಲಿ ಮಲಗಿ ಬಂದವನೂ ಕುತ್ತಿಗೆ ಉಳುಕಿಸಿಕೊಂಡು ಬಂದವನೂ ಇಮಿಗ್ರೇಷನ್ ಹಾಲಿನಲ್ಲಿ ಒಂದೇ ಹಗ್ಗದ ಸುತ್ತ ತಿರುಗುತ್ತಾರೆ. ಹೊರಗೆ ಬಂದರೆ ಇಂದ್ರಪದವಿಯ ಕುರುಹಾಗಿ ಉಳಿಯುವುದು ಬಿಎಂಟಿಸಿಯ ವಾಯುವಜ್ರವೊಂದೇ. ಅದರಲ್ಲಿ ಮುಂದಿನ ಸೀಟು ಮೊದಲು ಹತ್ತಿದವರಿಗೆ.

ಸಿದ್ಧಾಂತ ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ಕ್ಷೇತ್ರಕಾರ್ಯದಲ್ಲಿ ಒಂದು ಅಡ್ಡಿ ಎದುರಾಯಿತು. ಸೊಸೆಯ ಬಾಣಂತನ ಮುಗಿಸಿ ದಾವಣಗೆರೆಗೆ ಹೊರಟ ತಾಯಿಯೊಬ್ಬರು. ಮಂಡಿನೋವಿನ ಅಮ್ಮನಿಗೆಂದು ಮಗ ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಡಿಸಿದ್ದ. ಸೋಫಾದ ಅಂಚಿನಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಫೋನಿನಲ್ಲಿ ಮಗನಿಗೆ ವರದಿ ಒಪ್ಪಿಸುತ್ತಿದ್ದರು. “ಊಟ ಆಯ್ತು ಕಣೋ. ಅನ್ನ ಇತ್ತು, ಮೊಸರು ಇತ್ತು. ಅದೆಲ್ಲ ಸರಿ, ಇಲ್ಲಿ ಯಾರೂ ಯಾರನ್ನೂ ಮಾತಾಡ್ಸಲ್ವಲ್ಲೋ? ನಾನು ಗೇಟ್ ಹತ್ರ ಹೋಗಿ ಕೂತ್ಕೋತೀನಿ. ನಮ್ಮೂರ ಕಡೆ ವಿಮಾನ, ಯಾರಾದ್ರೂ ನಮ್ಮೋರು ಇರ್ತಾರೆ.” “ಅಮ್ಮಾ, ಇನ್ನೂ ಎರಡು ಗಂಟೆ ಇದೆ, ಅಲ್ಲೇ ಆರಾಮಾಗಿ ಕೂತ್ಕೊ” ಎಂದ ಮಗನ ಮಾತು ಪೂರ್ತಿಯಾಗುವ ಮೊದಲೇ ಅವರು ಬಾಗಿಲು ದಾಟಿದ್ದರು. ಆಮೇಲೆ ನೋಡಿದರೆ ಗೇಟಿನ ಬಳಿ ಹಾಸನದ ಒಂದು ಕುಟುಂಬದ ನಡುವೆ ಕೂತು, ಲೌಂಜಿನ ಚಾಕೊಲೇಟ್ ಹಂಚುತ್ತ, ಆ ಮನೆಯ ಹುಡುಗಿಗೆ ಗಂಡು ನೋಡುವ ಹಂತ ತಲುಪಿದ್ದರು. ಮುಖದಲ್ಲಿ ಕಂಡ ಆನಂದ ನಮ್ಮ ಅಳತೆಗೋಲಿನ ಯಾವ ಮನೆಗೂ ಹೊಂದಲಿಲ್ಲ.

ಶಾಸ್ತ್ರಕ್ಕೂ ಪ್ರತ್ಯಕ್ಷಕ್ಕೂ ವಿರೋಧ ಬಂದಾಗ ಪಂಡಿತರು ಏನು ಮಾಡುತ್ತಾರೋ ನಾವೂ ಅದನ್ನೇ ಮಾಡಿದ್ದೇವೆ: ಮೇಲಿನ ಪ್ಯಾರಾ ಪ್ರಕ್ಷಿಪ್ತ ಎಂದು ಘೋಷಿಸಿದ್ದೇವೆ.

ಇನ್ನು ಫಲಶ್ರುತಿ. ಈ ನಿರ್ಣಯವನ್ನು ನಿತ್ಯ ಪಠಿಸುವವರಿಗೆ ಪಕ್ಕದ ಸೀಟು ಖಾಲಿ ಉಳಿಯುತ್ತದೆ. ಕೇಳಿದವರ ಸೂಟ್‌ಕೇಸು ಬೆಲ್ಟಿನ ಮೇಲೆ ಮೊದಲು ಬರುತ್ತದೆ. ಬರೆದು ದಾನ ಮಾಡಿದವರಿಗೆ ಮೈಲಿಗಳು ಅಕ್ಷಯವಾಗುತ್ತವೆ. ನಂಬದವರು ಮ್ಯೂನಿಕ್‌ನಿಂದ ಜ್ಯೂರಿಕ್‌ಗೆ 36 ಸಲ ಹೊರಡುತ್ತಾರೆ.