ಬೆಕ್ಕಿನ ಹೊಟ್ಟೆ: ಬಳಕೆದಾರರ ಕೈಪಿಡಿ, ದಟ್ಟಗಳ್ಳಿ ಆವೃತ್ತಿ

ಬೆಕ್ಕನ್ನು ಆಯ್ಕೆ ಮಾಡಿಕೊಂಡದ್ದಕ್ಕೆ ಅಭಿನಂದನೆಗಳು. ಆಯ್ಕೆ ಮಾಡಿದ್ದು ತಾವಲ್ಲ, ಬೆಕ್ಕು ಎಂಬುದು ತಮಗೂ ಗೊತ್ತು. ಆದರೂ ಕೈಪಿಡಿಗಳು ಹೀಗೇ ಶುರುವಾಗತಕ್ಕದ್ದು. ಮೈಸೂರಿನ ದಟ್ಟಗಳ್ಳಿಯಲ್ಲಿ ದುಡ್ಡು ಕೊಟ್ಟು ಬೆಕ್ಕು ತಂದವರಿಗಿಂತ, ಪಕ್ಕದ ಖಾಲಿ ಸೈಟಿನ ಕಾಂಗ್ರೆಸ್ ಗಿಡಗಳ ನಡುವಿನಿಂದ ಎದ್ದು ಬಂದು, ಕಾಂಪೌಂಡ್ ಹತ್ತಿ, ಸ್ಕೂಟರ್ ಸೀಟಿನ ಮೇಲೆ ಒಂದೆರಡು ದಿನ ಮಲಗಿ, ಆಮೇಲೆ ಅಡುಗೆಮನೆಗೇ ಬಂದು ಕೂತ ಬೆಕ್ಕಿಗೆ ಒಡೆಯರಾದವರೇ ಹೆಚ್ಚು. ಇಂಥ ಬೆಕ್ಕಿನ ಜೊತೆ ಗ್ಯಾರಂಟಿ ಕಾರ್ಡ್ ಬರುವುದಿಲ್ಲ, ಬಿಡಿಭಾಗ ಸಿಗುವುದಿಲ್ಲ, ಕೆಟ್ಟರೆ ವಾಪಸ್ ತೆಗೆದುಕೊಳ್ಳುವವರೂ ಇಲ್ಲ. ಆದ್ದರಿಂದ ಸದರಿ ಪ್ರಾಣಿಯಲ್ಲಿ ಅತಿ ಹೆಚ್ಚು ದೂರು ಬರುವ ಭಾಗವಾದ ಹೊಟ್ಟೆಯ ನಿರ್ವಹಣೆಯನ್ನು ಈ ಕೆಳಗೆ ವಿವರಿಸಲಾಗಿದೆ. ಓದಿದ ಮೇಲೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು.

ಇಂಧನ

ಹಾಲು ಹಾಕಕೂಡದು. ಈ ಸಾಲನ್ನು ಓದಿದ ಕೂಡಲೇ ಮನೆಯ ಹಿರಿಯರು ಕೈಪಿಡಿಯನ್ನು ಮಡಚಿಡುತ್ತಾರೆಂದು ಗೊತ್ತಿದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ಗಾದೆಯೇ ನಮ್ಮ ತಲೆಯೊಳಗೆ ಕೂರಿಸಿಬಿಟ್ಟಿದೆ. ಆದರೆ ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಮರಿ ತಾಯಿಹಾಲು ಬಿಟ್ಟ ಮೇಲೆ ಕಡಿಮೆಯಾಗುತ್ತ ಹೋಗುತ್ತದೆ. ಬೆಳೆದ ಬೆಕ್ಕಿಗೆ ನಂದಿನಿಯ ನೀಲಿ ಪ್ಯಾಕೆಟ್ ಒಡೆದು ಹಾಕಿದರೆ ಅರಗದ ಸಕ್ಕರೆ ಕರುಳಿಗೆ ನೀರೆಳೆದುಕೊಂಡು, ಅಲ್ಲೇ ಹುದುಗಿ, ಸಂಜೆಯೊಳಗೆ ಸೋಫಾದ ಹಿಂದಿನಿಂದ ಹೊರಬರುವ ಸಂಭವ ಹೆಚ್ಚು. ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೊಂದು ಹಸು ಕೊಟ್ಟ ಕಥೆ ಎಲ್ಲರಿಗೂ ಗೊತ್ತು. ತೆನಾಲಿ ರಾಮಕೃಷ್ಣ ಕುದಿಯುವ ಹಾಲಿಟ್ಟು ತನ್ನ ಬೆಕ್ಕಿನ ಮೂತಿ ಸುಡಿಸಿದ. ಅದು ಮುಂದೆ ಹಾಲಿನ ಬಟ್ಟಲು ಕಂಡರೆ ಓಡುತ್ತಿತ್ತು. ಮೂತಿ ಸುಡುವುದನ್ನು ಈ ಕೈಪಿಡಿ ಖಂಡಿಸುತ್ತದೆ. ಆದರೆ ಇಡೀ ವಿಜಯನಗರದಲ್ಲಿ ಭೇದಿಯಿಲ್ಲದೆ ಬದುಕಿದ ಬೆಕ್ಕು ಅದೊಂದೇ ಇರಬೇಕು.

ಮೊಸರನ್ನದ ವಿಚಾರ. ಮನೆ ಶುದ್ಧ ಸಸ್ಯಾಹಾರಿ ಇರಬಹುದು, ಬೆಕ್ಕು ಅಲ್ಲ. ಟೌರಿನ್ ಎಂಬ ವಸ್ತು ಅದಕ್ಕೆ ಮಾಂಸದಿಂದಲೇ ಸಿಗಬೇಕು. ಸಿಗದಿದ್ದರೆ ಕಾಲಕ್ರಮೇಣ ಕಣ್ಣು, ಹೃದಯ ಎರಡೂ ಕೆಡುತ್ತವೆ. ಅಡುಗೆಮನೆಗೆ ಕೋಳಿ ತರಲು ಒಪ್ಪದವರು ಅಂಗಡಿಯ ಕ್ಯಾಟ್ ಫುಡ್ ಹಾಕಬಹುದು, ಅದರಲ್ಲಿ ಟೌರಿನ್ ಬೆರೆಸಿರುತ್ತಾರೆ. ಒಂದು ಕಂಪನಿಯದು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಹಳೆಯದರ ಜೊತೆ ಹೊಸದನ್ನು ದಿನದಿನಕ್ಕೆ ಹೆಚ್ಚಿಸುತ್ತ ಒಂದು ವಾರ ತೆಗೆದುಕೊಳ್ಳಿ. ಆಫರ್ ಇತ್ತೆಂದು ರಾತ್ರೋರಾತ್ರಿ ಬದಲಾಯಿಸಿದವರ ಮನೆಯಲ್ಲೇ ಭೇದಿ ಜಾಸ್ತಿ. ಕೋಳಿ ಹಾಕುವವರು ಬೇಯಿಸಿ ಹಾಕತಕ್ಕದ್ದು: 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕುಬೆಕ್ಕುಗಳಲ್ಲೇ ಹಕ್ಕಿಜ್ವರ ಪತ್ತೆಯಾಗಿತ್ತು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ತುಂಡು ಬೇಡ. ಅವು ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ.

ಸದ್ದುಗಳು

ಬೆಳಗಿನ ಜಾವ ಮಂಚದಡಿಯಿಂದ ‘ಹುಕ್, ಹುಕ್’ ಎಂಬ ಸದ್ದು ಬಂದರೆ ಯಂತ್ರ ಕೆಟ್ಟಿತೆಂದು ತಿಳಿಯಬೇಡಿ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿವೆ. ಮೈ ನೆಕ್ಕುವಾಗ ಹತ್ತಿದ ಕೂದಲನ್ನು ಉಗುಳಲು ಬಾರದೆ ನುಂಗುತ್ತದೆ, ನುಂಗಿದ್ದು ಹೊಟ್ಟೆಯಲ್ಲಿ ಉಂಡೆಯಾಗುತ್ತದೆ, ಉಂಡೆ ಒಂದು ದಿನ ತಮ್ಮ ಮೈಸೂರು ಸಿಲ್ಕ್ ಸೀರೆಯನ್ನು ಹುಡುಕಿಕೊಂಡು ಹೊರಬರುತ್ತದೆ. ಗಣೇಶನ ಹಬ್ಬಕ್ಕೆ ತಂದಿಟ್ಟ ಗರಿಕೆಯನ್ನು ಮೆದ್ದು ಕಕ್ಕಿದರೂ ಅಪಶಕುನವಲ್ಲ. ಹುಲ್ಲು ತಿನ್ನುವುದು ಬೆಕ್ಕಿನ ಜಾತಿಗೇ ಬಂದ ಅಭ್ಯಾಸ.

ಕಕ್ಕಿದ ಮೇಲೆ ಬೆಕ್ಕು ಏನು ಮಾಡಿತು, ಅದನ್ನು ನೋಡಿ. ಮೂತಿ ಒರೆಸಿಕೊಂಡು ಊಟದ ತಟ್ಟೆಯ ಹತ್ತಿರ ಬಂದು ಜಗಳ ತೆಗೆದರೆ ತಾವು ನೆಲ ಒರೆಸಿ ಮಲಗಬಹುದು. ಒಂದೆರಡು ಸಲ ತೆಳ್ಳಗೆ ಹೋಗಿ, ಆಟ, ಊಟ, ನೀರು ಎಲ್ಲ ಮಾಮೂಲಿನಂತಿದ್ದರೂ ಒಂದು ದಿನ ಕಾದು ನೋಡಬಹುದು: ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ, ಪಕ್ಕದಲ್ಲಿ ಶುದ್ಧ ನೀರು. ಮೂಲೆ ಸೇರಿ, ಕಾಲು ಮಡಚಿ ಮುದುಡಿ ಕೂತು, ಕರೆದರೂ ಕಿವಿ ತಿರುಗಿಸದ ಬೆಕ್ಕಿಗೆ ಈ ಪ್ಯಾರಾ ಅನ್ವಯಿಸುವುದಿಲ್ಲ.

ಬೀದಿಯ ತಾಂತ್ರಿಕ ಸಮಿತಿ

ಬೆಕ್ಕು ವಾಂತಿ ಮಾಡಿದ ಸುದ್ದಿ ವಾಕಿಂಗ್ ಮುಗಿಸಿ ಬರುವವರಿಗೆ ಗೇಟಿನಲ್ಲೇ ಸಿಗುತ್ತದೆ. ನಮ್ಮ ಬಡಾವಣೆಯಲ್ಲಿ ರಿಟೈರಾದವರು ಧಾರಾಳ. ಕಾಂಪೌಂಡಿಗೆ ಕೈ ಊರಿ ಸಮಿತಿ ಕೂಡಲು ಎರಡು ನಿಮಿಷ ಸಾಕು.

ಮೊದಲ ನಿರ್ಣಯ, ಲಂಘನವೇ ಪರಮೌಷಧ. “ಅಲ್ರೀ, ಝೂನಲ್ಲಿ ಹುಲಿಗೇ ವಾರಕ್ಕೊಂದಿನ ಉಪವಾಸ ಹಾಕ್ತಾರೆ. ನಿಮ್ಮ ಬೆಕ್ಕೇನು ಹುಲಿಗಿಂತ ದೊಡ್ಡದೇ?” 1892ರಿಂದ ಮೃಗಾಲಯ ಇಟ್ಟುಕೊಂಡ ಊರಿನವರೊಡನೆ ಹುಲಿಯ ವಿಷಯದಲ್ಲಿ ವಾದಕ್ಕಿಳಿಯುವುದು ಕಷ್ಟ. ಮೃಗಾಲಯಗಳಲ್ಲಿ ಆ ರೂಢಿ ಇರುವುದೂ ನಿಜ. ಆದರೆ ಮನೆಯ ಬೆಕ್ಕು, ಅದರಲ್ಲೂ ಮೈತುಂಬಿದ ಬೆಕ್ಕು, ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಕರಗಿ ಪಿತ್ತಜನಕಾಂಗಕ್ಕೆ ನುಗ್ಗುತ್ತದೆ; ಅದನ್ನು ನಿಭಾಯಿಸಲಾಗದೆ ಆ ಅಂಗವೇ ಸೋಲುತ್ತದೆ, ಕಾಮಾಲೆ ಬರುತ್ತದೆ. ಅಜೀರ್ಣದಿಂದ ಸಾಯದ ಬೆಕ್ಕು ಉಪವಾಸದಿಂದ ಸಾಯಬಹುದು. ಇಪ್ಪತ್ನಾಲ್ಕು ಗಂಟೆ ತಟ್ಟೆ ಮುಟ್ಟಲಿಲ್ಲವೆಂದರೆ ಡಾಕ್ಟರಿಗೆ ಫೋನ್ ಮಾಡತಕ್ಕದ್ದು. ಏಕಾದಶಿ ಮಾಡುವವರು ತಾವು ಮಾಡಿಕೊಳ್ಳಿ.

ಎರಡನೇ ನಿರ್ಣಯ, ಹರಳೆಣ್ಣೆ. ಹಿಡಿದು, ಬಾಯಿ ಬಿಡಿಸಿ, ಹುಯ್ಯುವುದು. ಒದ್ದಾಡುವ ಬೆಕ್ಕಿನ ಗಂಟಲಿಗೆ ಹುಯ್ದ ಎಣ್ಣೆ ಹೊಟ್ಟೆಗೇ ಹೋಗುತ್ತದೆಂಬ ನಂಬಿಕೆ ಇಲ್ಲ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಓಮದ ನೀರು, ಗ್ರೈಪ್ ವಾಟರ್ ಕಪಾಟಿನಲ್ಲೇ ಇರಲಿ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಸಮಿತಿಯ ಒಬ್ಬ ಸದಸ್ಯರು ಬೆಕ್ಕಿನ ಕಿವಿ ಮುಟ್ಟಿ “ಜ್ವರ ಇದೆ” ಎನ್ನುತ್ತಾರೆ. ಬೆಕ್ಕಿನ ಮೈ ನಮ್ಮದಕ್ಕಿಂತ ಬಿಸಿ, 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಆದರೂ ಕೋವಿಡ್ ಕಾಲದಿಂದ ಡಬ್ಬಿಯಲ್ಲಿ ಉಳಿದ ಪ್ಯಾರಾಸಿಟಮಾಲ್ ಹೊರಬರುತ್ತದೆ, “ಅರ್ಧ ಮಾತ್ರೆ ಸಾಕು” ಎಂಬ ಔದಾರ್ಯದೊಂದಿಗೆ. ಆ ಔಷಧಿಯನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತಕ್ಕೆ ಆಮ್ಲಜನಕ ಹೊರಲಾಗದೆ ಒಸಡು ಕಂದು, ನೀಲಿ ತಿರುಗುತ್ತದೆ. ಅರ್ಧ ಮಾತ್ರೆಯಿಂದಲೂ ಬೆಕ್ಕು ಸತ್ತೀತು. ಯಾರಾದರೂ ಆಗಲೇ ಕೊಟ್ಟಿದ್ದರೆ ಲಕ್ಷಣಕ್ಕೆ ಕಾಯಬೇಡಿ, ಹೊರಡಿ, ಮಾತ್ರೆಯ ಹಾಳೆಯನ್ನೂ ಜೊತೆಗೊಯ್ಯಿರಿ.

ಹೂವಿನ ದಾರ

ಮೈಸೂರು ಆವೃತ್ತಿಗೆಂದೇ ಸೇರಿಸಿದ ಭಾಗ. ದೇವರ ಪಟದಿಂದ ಇಳಿಬಿದ್ದ ಮಲ್ಲಿಗೆ ಮಾಲೆ ಬೆಕ್ಕಿಗೆ ಆಟದ ಸಾಮಾನು. ಬಾಳೆನಾರಿನಲ್ಲಿ ಕಟ್ಟುವುದು ಕಡಿಮೆಯಾಗಿ ಎಲ್ಲ ಕಡೆ ನೂಲಿನ ದಾರ ಬಂದಿದೆ. ಹೂವು ಉದುರಿದ ಮೇಲೆ ಉಳಿಯುವ ಆ ದಾರ, ದಸರಾ ಗೊಂಬೆ ಕೂರಿಸುವಾಗ ಬಿದ್ದ ಜರಿ, ಆಷಾಢದ ಗಾಳಿಪಟದ ಹಗ್ಗ, ಯಾವುದನ್ನಾದರೂ ಬೆಕ್ಕು ಒಮ್ಮೆ ಬಾಯಿಗಿಟ್ಟರೆ ನಾಲಿಗೆಯ ಮುಳ್ಳೇ ಒಳಗೆ ತಳ್ಳುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೋ ಹೊಟ್ಟೆಯ ಬಾಯಿಗೋ ಸಿಕ್ಕಿಕೊಂಡರೆ, ಮಿಕ್ಕ ದಾರದ ಮೇಲೆ ಕರುಳು ಲಂಗದ ಲಾಡಿಯ ಹಾಗೆ ನೆರಿಗೆಗಟ್ಟಿ, ಕೊನೆಗೆ ಹರಿಯುತ್ತದೆ. ಹಿಂದಿನಿಂದ ದಾರದ ತುದಿ ಇಣುಕುತ್ತಿದ್ದರೆ ಎಳೆಯಕೂಡದು. ಕತ್ತರಿಸಲೂ ಹೋಗಬೇಡಿ. ಇದಕ್ಕೆ ಬೇಕಾಗುವುದು ಸ್ಕ್ಯಾನ್, ಬಹುಶಃ ಆಪರೇಷನ್.

ಸರ್ವೀಸ್ ಸೆಂಟರಿಗೆ ಒಯ್ಯುವುದು

ದಿನದಲ್ಲಿ ಎರಡು ಮೂರು ಸಲಕ್ಕಿಂತ ಹೆಚ್ಚು ವಾಂತಿ, ಕುಡಿದ ನೀರೂ ನಿಲ್ಲದಿರುವುದು, ರಕ್ತ, ಒಂದೆರಡು ದಿನ ದಾಟಿದ ಭೇದಿ, ಹಳದಿಗಟ್ಟಿದ ಒಸಡು, ಹೆಗಲ ಚರ್ಮ ಎತ್ತಿ ಬಿಟ್ಟರೆ ತಡವಾಗಿ ಕೂರುವುದು: ಇವುಗಳಲ್ಲಿ ಒಂದಿದ್ದರೂ ಹೊರಡಬೇಕು. ಮರಿಯಾದರೆ ಇಷ್ಟಕ್ಕೂ ಕಾಯಬಾರದು. ಜಂತುಹುಳು ಇರಬಹುದು, ಅದಕ್ಕೆ ಮದ್ದಿದೆ. ಪ್ಯಾನ್‌ಲ್ಯುಕೋಪೀನಿಯಾ ಇರಬಹುದು, ಅದಕ್ಕೆ ನೇರ ಮದ್ದಿಲ್ಲ, ಲಸಿಕೆ ಮಾತ್ರ ಇದೆ. 2025ರಲ್ಲಿ ರಾಯಚೂರಿನಲ್ಲಿ ಬೆಕ್ಕುಗಳಿಗೆ ತಗಲಿ ಸುದ್ದಿಯಾದ ಎಫ್‌ಪಿವಿ ಇದೇ. ಆರರಿಂದ ಎಂಟು ವಾರದೊಳಗೆ ಮೊದಲ ಚುಚ್ಚುಮದ್ದು ಹಾಕಿಸಿ, ಡಾಕ್ಟರು ಹೇಳಿದಂತೆ ಮುಂದಿನವನ್ನೂ ಮುಗಿಸಿ.

ಇನ್ನೊಂದು ದೋಷ ಹೊಟ್ಟೆಯದಲ್ಲ, ಆದರೆ ಹೊಟ್ಟೆಯದೆಂದೇ ಎಲ್ಲರೂ ಷರಾ ಬರೆಯುತ್ತಾರೆ. ಗಂಡು ಬೆಕ್ಕು ಮರಳಿನ ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತದೆ, ಏನೂ ಬರುವುದಿಲ್ಲ. ಮನೆಯವರು “ಮೋಷನ್ ಆಗ್ತಿಲ್ಲ ಪಾಪ” ಎಂದು ತುಪ್ಪ ನೆಕ್ಕಿಸುತ್ತಾರೆ. ಕಟ್ಟಿರುವುದು ಮೂತ್ರ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎರಡು ಮೂರು ದಿನದೊಳಗೆ ಹೃದಯ ನಿಲ್ಲುತ್ತದೆ. ಇದಕ್ಕೆ ನಾಳೆ ಬೆಳಿಗ್ಗೆ ಎಂಬುದಿಲ್ಲ.

ಒಯ್ಯುವ ವಿಧಾನ: ಮುಚ್ಚಳವಿರುವ ಬುಟ್ಟಿ, ಒಳಗೊಂದು ಹಳೆಯ ಟವೆಲ್. ರಿಂಗ್ ರೋಡಿನ ಲಾರಿ ಹಾರನ್ನಿಗೆ ತೋಳಿನಿಂದ ಹಾರಿದ ಬೆಕ್ಕು ಮತ್ತೆ ಸಿಗುವುದಿಲ್ಲ. “ಒಳಗೆ ಹಾವೇನಾದ್ರೂ ಇದ್ಯಾ ಸಾರ್?” ಎಂದು ಆಟೋದವರು ಕೇಳಿದರೆ ಮುಚ್ಚಳ ತೆಗೆದು ತೋರಿಸಲು ಹೋಗಬೇಡಿ. ಕಕ್ಕಿದ್ದರ ಫೋಟೋ, ಮಲದ ಸ್ಯಾಂಪಲ್ ಒಂದು ಡಬ್ಬಿಯಲ್ಲಿ, ಕೊನೆಯ ಸಲ ಊಟ ಮಾಡಿದ್ದು ಎಷ್ಟು ಗಂಟೆಗೆ ಎಂಬ ನೆನಪು, ಇಷ್ಟಿದ್ದರೆ ಡಾಕ್ಟರ ಅರ್ಧ ಕೆಲಸ ಹಗುರ. ಎಲ್ಲ ಪಶು ಆಸ್ಪತ್ರೆಯಲ್ಲೂ ಬೆಕ್ಕಿನ ಅನುಭವ ಒಂದೇ ಸಮ ಇರುವುದಿಲ್ಲ. ಕೆಲವರ ಕೈ ದನಕ್ಕೆ ಪಳಗಿರುತ್ತದೆ. ಫೋನಿನಲ್ಲಿ ಮೊದಲೇ ಕೇಳಿಕೊಳ್ಳಿ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸಿನ ತಾರೀಖು, ರಾಹುಕಾಲ ಎಲ್ಲ ಇವೆ. ಅದರ ಮೇಲೆಯೇ ಬೆಕ್ಕು ನೋಡುವ ಇಬ್ಬರು ಡಾಕ್ಟರ ನಂಬರನ್ನೂ ದಪ್ಪ ಪೆನ್ನಿನಲ್ಲಿ ಬರೆಯಿರಿ. ಒಬ್ಬರಾದರೂ ಭಾನುವಾರ, ರಾತ್ರಿ ಸಿಗುವವರಾಗಿರಲಿ. ಬೆಕ್ಕು ಚೆನ್ನಾಗಿರುವಾಗಲೇ, ಇವತ್ತೇ ಬರೆದುಬಿಡಿ.