ಸಾಮಾನು ಕೋಣೆಯ ಸಮುದ್ರ

ಯಲಹಂಕದವರು ಕನ್ನಡನಾಡಿನ ಕಡಲು ನೋಡಬೇಕಾದರೆ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು, ಹತ್ತಿರ ಹತ್ತಿರ 350 ಕಿಲೋಮೀಟರ್. ಅಷ್ಟು ಯಾರು ಓಡಾಡುತ್ತಾರೆ ಅಂತ ನಮ್ಮ ಭಾವಮೈದ ಕಡಲನ್ನೇ ಎರಡನೇ ಮಹಡಿಗೆ ಹತ್ತಿಸಿದ್ದಾನೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಗುಡುಗಿತಲ್ಲ, ಮನೆಯಲ್ಲಿ ಸಮುದ್ರ ಮಾಡುವವರು ಅವರ ಕಣ್ಣಿಗೇ ಬೀಳಲಿಲ್ಲ.

ಹಾಲಿನಲ್ಲಿರುವ ದೊಡ್ಡ ತೊಟ್ಟಿ, ನೀಲಿ ಲೈಟು, ಅದರ ಬಿಲ್ಲು ಇವೆಲ್ಲ ಬಿಡಿ. ಹೇಳಬೇಕಾದ್ದು ಸಾಮಾನು ಕೋಣೆಯಲ್ಲಿರುವ 60 ಲೀಟರಿನ ಬೋಳು ತೊಟ್ಟಿಯ ಕತೆ. ಮರಳಿಲ್ಲ, ಕಲ್ಲಿಲ್ಲ, ಹಾರ್ಡ್‌ವೇರ್ ಅಂಗಡಿಯ ಎರಡು ತುಂಡು ಪಿವಿಸಿ ಪೈಪು, ಒಂದು ಹೀಟರು, ಗುಳುಗುಳು ಅನ್ನುವ ಸ್ಪಾಂಜ್ ಫಿಲ್ಟರು. "ಕ್ವಾರಂಟೈನ್ ಟ್ಯಾಂಕು, ಭಾವ. ಹೊಸ ಮೀನು ಒಂದು ತಿಂಗಳು ಇಲ್ಲೇ" ಅಂದ. ಇದರ ಬಲೆ, ಬಕೆಟ್ಟು ದೊಡ್ಡ ತೊಟ್ಟಿಗೆ ತಾಗುವಂತಿಲ್ಲ, ಇದರಲ್ಲಿ ಅದ್ದಿದ ಕೈಯನ್ನು ತೊಳೆಯದೆ ಅದರಲ್ಲಿ ಇಡುವಂತಿಲ್ಲ. ನಮ್ಮತ್ತೆಗೆ ಒಂದೇ ಏಟಿಗೆ ಅರ್ಥವಾಯಿತು: "ಮಡಿ ಅನ್ನು. ನಾನು ಹೇಳಿದಾಗ ನಗ್ತಿದ್ದೆ."

ಅತ್ತೆಯ ಮಿಕ್ಕ ಸಲಹೆಗಳು ಅಷ್ಟು ನಡೆಯಲಿಲ್ಲ. ಉಪ್ಪೇ ತಾನೆ, ಡಬ್ಬಿಯಲ್ಲಿದೆ ಅಂದರು. ಅಡುಗೆ ಉಪ್ಪಿನಲ್ಲಿ ಇರುವುದು ಹೆಚ್ಚುಕಮ್ಮಿ ಬರೀ ಸೋಡಿಯಂ ಕ್ಲೋರೈಡು; ಕಡಲಿಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಬೇಕು. ಹಾಗಾಗಿ ಪ್ಯಾಕೆಟ್ಟಿನ ಸಮುದ್ರದ ಉಪ್ಪು, ಲೀಟರಿಗೆ ಸುಮಾರು 35 ಗ್ರಾಂ. ಬೋರ್ ನೀರು ಬೇಡ, ಆರ್‌ಓ ನೀರೇ ಬೇಕು. ಆರ್‌ಓ ಚೆಲ್ಲಿದ ನೀರಲ್ಲಿ ಈಗ ಮನೆ ದಿನಕ್ಕೆರಡು ಸಲ ಒರೆಸಿಕೊಳ್ಳುತ್ತಿದೆ.

ಫಿಲ್ಟರಿನ ವಿಷಯದಲ್ಲಿ ಮಾತ್ರ ಹುಡುಗನ ಬುದ್ಧಿ ಮೆಚ್ಚಬೇಕು. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಅಂಗಡಿಯ ಹೊಸ ಸ್ಪಾಂಜಿನಲ್ಲಿ ಇರುವುದಿಲ್ಲ. ಅದಕ್ಕೇ ಸ್ಪಾಂಜನ್ನು ವಾರಗಟ್ಟಲೆ ಮೊದಲೇ ದೊಡ್ಡ ತೊಟ್ಟಿಯಲ್ಲಿ ನೆನೆಹಾಕಿದ್ದ. ಒಣ ಸ್ಪಾಂಜು ಹಾಕಿ, ಮೀನು ಸತ್ತ ಮೇಲೆ ಅಂಗಡಿಯವನಿಗೆ ಬೈಯುವ ಶೂರರು ನಮ್ಮ ಆರ್‌ಟಿ ನಗರದಲ್ಲೇ ಬೇಕಾದಷ್ಟಿದ್ದಾರೆ.

ಇಷ್ಟೆಲ್ಲ ಯಾತಕ್ಕೆ ಅಂದರೆ ಬಿಳಿ ಚುಕ್ಕೆ ರೋಗಕ್ಕೆ ಹೆದರಿ. ಕ್ರಿಪ್ಟೋಕ್ಯಾರಿಯಾನ್ ಅನ್ನುವ ಪರೋಪಜೀವಿಯದು ಮಹಾ ಕಪಟ. ಚುಕ್ಕೆ ತಾನಾಗಿಯೇ ಉದುರುತ್ತದೆ, ಯಜಮಾನ ವಾಸಿಯಾಯಿತು ಅಂತ ಹಿಗ್ಗುತ್ತಾನೆ, ಅದು ತಳದಲ್ಲಿ ಗೂಡು ಕಟ್ಟಿ ನೂರಾರು ಮರಿಯಾಗಿ ಮೇಲೇಳುತ್ತದೆ. ಮದ್ದು ತಾಮ್ರ. ಅತ್ತೆ ಚೊಂಬು ತಂದೇಬಿಟ್ಟರು! ಅಳತೆಯ ಕಿಟ್ ಹಿಡಿದು ಹನಿ ಲೆಕ್ಕದಲ್ಲಿ ಹಾಕಬೇಕಾದ ಔಷಧಿ ಅದು. ಹೆಚ್ಚಾದರೆ ಮೀನೇ ಹೋಗುತ್ತದೆ, ಸಿಗಡಿ, ಬಸವನಹುಳುಗಳಿಗಂತೂ ವಿಷ. ಕಲ್ಲು, ಮರಳು, ಇದ್ದಿಲು ತಾಮ್ರವನ್ನು ನುಂಗಿಬಿಡುತ್ತವೆ. ತೊಟ್ಟಿ ಬೋಳಾಗಿರುವುದು ಜಿಪುಣತನದಿಂದಲ್ಲ.

ಹೋದ ವಾರ ಮದುವೆಗೆ ಹೊರಟವನು ಕಾವಲು ನನಗೆ ಒಪ್ಪಿಸಿದ. "ಆವಿಯಾಗೋದು ನೀರು ಮಾತ್ರ, ಉಪ್ಪಲ್ಲೇ ಇರುತ್ತೆ. ಇಳಿದಷ್ಟು ಬರೀ ಆರ್‌ಓ ನೀರು ಹಾಕಿ, ಉಪ್ಪು ಮುಟ್ಟಬೇಡಿ ಭಾವ." ಹಾಗೇ ಮಾಡಿದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು: "ರುಚಿ ನೋಡದೇ ಹೇಗೆ ಹೇಳ್ತೀರಿ ಅಳಿಯಂದಿರೇ, ಸಪ್ಪೆ ಆಗಿಲ್ಲಾಂತ?"